ಎಂಫೋಲ್ಡ್‌ನಲ್ಲಿ ಡಿಎನ್‌ಎಗೆ ಉಪ್ಪು ಬದಲಿಸಬಹುದು, ಆರ್‌ಎನ್‌ಎಗೆ ಯಾಕೆ ಬೀಗ?

ತುಂಗಾತೀರ_22 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಪ್ರಾಜೆಕ್ಟ್ ನಡೀತಾ ಇದೆ, ಎರಡು ವಿಷಯ ತಲೆ ತಿನ್ನುತ್ತಿವೆ.

ಒಂದು. ನನ್ನ ಒಂದು ಪ್ರೈಮರ್ (ಪಿಸಿಆರ್‌ನಲ್ಲಿ ಡಿಎನ್‌ಎ ನಕಲು ಶುರು ಮಾಡಲು ಹಾಕುವ ಚಿಕ್ಕ ಎಳೆ) ತನ್ನ ಮೇಲೇ ಮಡಚಿಕೊಂಡು ಹೇರ್‌ಪಿನ್ ಆಗುತ್ತದೆ ಅಂತ ಎಂಫೋಲ್ಡ್ (ಎಳೆ ಹೇಗೆ ಮಡಚಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್) ತೋರಿಸುತ್ತಿದೆ. ಅದರ ಕಾಂಡದಲ್ಲಿ, ಅಂದರೆ ಬೇಸ್‌ಗಳು ಜೋಡಿಯಾದ ಭಾಗದಲ್ಲಿ, 5 ಜೋಡಿ. ಯಾವ ಬಾಕ್ಸನ್ನೂ ಮುಟ್ಟದೆ ಓಡಿಸಿದರೆ 37 ಡಿಗ್ರಿಯಲ್ಲಿ ಮಡಿಕೆಯ ಶಕ್ತಿ ಮೈನಸ್ 1.5 ಕಿಲೋಕ್ಯಾಲರಿ (ಮೈನಸ್ ಹೆಚ್ಚಿದಷ್ಟೂ ಮಡಿಕೆ ಗಟ್ಟಿ). ಸೋಡಿಯಂ ಬಾಕ್ಸ್‌ನಲ್ಲಿ 50 ಮಿಲಿಮೋಲಾರ್ ಅಂತ ಹಾಕಿದರೆ ಹೆಚ್ಚುಕಡಿಮೆ ಸೊನ್ನೆ. ಅದೇ ಸೀಕ್ವೆನ್ಸ್, ಅದೇ ಡಿಗ್ರಿ. ಯಾವುದನ್ನು ನಂಬಲಿ?

ಎರಡು. ಇನ್ನೊಂದು ಕಡೆ ಸುಮಾರು 70 ಬೇಸ್ ಉದ್ದದ ಒಂದು ರೈಬೋಸ್ವಿಚ್ ಆರ್‌ಎನ್‌ಎ (ಸಣ್ಣ ಅಣುವೊಂದು ಬಂದು ಕೂತಾಗ ಆಕಾರ ಬದಲಿಸಿ ಜೀನ್ ನಿಯಂತ್ರಿಸುವಂಥದ್ದು) ಇದೆ. ಅದನ್ನು ಹಾಕೋಣ ಅಂತ ಹೋದರೆ ಆರ್‌ಎನ್‌ಎ ಫಾರ್ಮ್‌ನಲ್ಲಿ ಉಪ್ಪನ್ನು ಬದಲಿಸಲು ಬಿಡುವುದೇ ಇಲ್ಲ. 1 ಮೋಲಾರ್ ಸೋಡಿಯಂ, ಮ್ಯಾಗ್ನೀಸಿಯಂ ಸೊನ್ನೆ, ಅಷ್ಟೇ. ಯಾವ ಜೀವಕೋಶದಲ್ಲಿ 1 ಮೋಲಾರ್ ಉಪ್ಪಿದೆ ಸ್ವಾಮಿ? ಅದಿರಲಿ ಅಂತ ಲ್ಯಾಬ್‌ನಲ್ಲೇ ನೋಡೋಣ ಎಂದು 5 ಮಿಲಿಮೋಲಾರ್ ಮ್ಯಾಗ್ನೀಸಿಯಂ ಹಾಕಿದ್ದು ಒಂದು, ಹಾಕದ್ದು ಒಂದು, ಎರಡನ್ನೂ ಪಕ್ಕಪಕ್ಕ ನೇಟಿವ್ ಜೆಲ್‌ನಲ್ಲಿ (ಮಡಿಕೆ ಬಿಚ್ಚದೆ ಓಡಿಸುವ ಜೆಲ್) ಓಡಿಸಿದೆ. ಮಾಮೂಲಿ ಟಿಬಿಇ ಬಫರ್. ಎರಡೂ ಒಂದೇ ಕಡೆ ನಿಂತಿವೆ, ಕೂದಲೆಳೆ ವ್ಯತ್ಯಾಸವೂ ಇಲ್ಲ. ಮ್ಯಾಗ್ನೀಸಿಯಂ ಇಲ್ಲದೆ ರೈಬೋಸ್ವಿಚ್ ಮಡಚುವುದಿಲ್ಲ ಅಂತ ಎಲ್ಲ ಪೇಪರ್‌ಗಳಲ್ಲೂ ಬರೆದಿರುತ್ತಾರಲ್ವಾ? ಗೈಡ್ ಹತ್ತಿರ ಕೇಳಿದರೆ "ಉಪ್ಪು ಸರಿಯಾಗಿ ನೋಡು" ಅಂದರು. ಯಾವ ಉಪ್ಪು, ಎಷ್ಟು, ಎಲ್ಲಿ ನೋಡಬೇಕು ಅಂತ ಹೇಳಲಿಲ್ಲ.

ಕರಗುಬಿಂದು:

ಮೊದಲನೆಯದನ್ನು ನಾನು ತಗೋತೀನಿ. ಎರಡು ಸಂಖ್ಯೆಯನ್ನೂ ಬಿಡಿ, ನಿಮ್ಮ ಪಿಸಿಆರ್ ಟ್ಯೂಬ್‌ನಲ್ಲಿ ಏನಿದೆಯೋ ಅದನ್ನು ಹಾಕಿ.

ಮಾಮೂಲಿ ಟ್ಯಾಕ್ ಬಫರ್ ಅಂದರೆ 10 ಮಿಲಿಮೋಲಾರ್ ಟ್ರಿಸ್, 50 ಪೊಟ್ಯಾಸಿಯಂ ಕ್ಲೋರೈಡ್, 1.5 ಮ್ಯಾಗ್ನೀಸಿಯಂ ಕ್ಲೋರೈಡ್. ಸೋಡಿಯಂ ಬಾಕ್ಸ್‌ಗೆ 50 ಹಾಕಿದಿರಿ, ಅದು ಪೊಟ್ಯಾಸಿಯಂನ ಲೆಕ್ಕ. ಸಾಮಾನ್ಯ ಜೋಡಿ ಕಾಂಡಕ್ಕೆ ಸೋಡಿಯಂ ಆದರೂ ಪೊಟ್ಯಾಸಿಯಂ ಆದರೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅದು ಸರಿಯೇ. ಬಿಟ್ಟು ಹೋಗಿರುವುದು ಮ್ಯಾಗ್ನೀಸಿಯಂ. 1.5 ಅಂದರೆ ಏನು ಮಹಾ ಅನಿಸುತ್ತದೆ, ಆದರೆ ಕೆಲಸದಲ್ಲಿ ಅದು ಸೋಡಿಯಂನ ಅಜ್ಜ. ಪೂರ್ತಿ 1.5 ನಿಮ್ಮ ಪ್ರೈಮರ್‌ಗೆ ಸಿಗುವುದಿಲ್ಲ ಅನ್ನೋದನ್ನೂ ನೆನಪಿಡಿ. ಡಿಎನ್‌ಎ ಕಟ್ಟುವ ಇಟ್ಟಿಗೆಗಳಾದ ಡಿಎನ್‌ಟಿಪಿ ನಾಲ್ಕೂ ತಲಾ 0.2 ಹಾಕಿರುತ್ತೀರಿ, ಒಟ್ಟು 0.8, ಒಂದೊಂದೂ ಒಂದೊಂದು ಮ್ಯಾಗ್ನೀಸಿಯಂ ಹಿಡಿದುಕೊಂಡು ಕೂರುತ್ತದೆ. ಉಳಿಯುವುದು 0.7. ಅದರ ವರ್ಗಮೂಲ ತೆಗೆದು 120ರಿಂದ ಗುಣಿಸಿ, ಸುಮಾರು 100 ಬರುತ್ತದೆ. ಅದಕ್ಕೆ ಪೊಟ್ಯಾಸಿಯಂನ 50 ಕೂಡಿಸಿ. ಒಟ್ಟು 150 ಮಿಲಿಮೋಲಾರ್ ಸೋಡಿಯಂ ಇದ್ದ ಹಾಗೆ ಅಂತ ಲೆಕ್ಕ. ಟ್ರಿಸ್‌ನ ಅರ್ಧ ಸೇರಿಸುವವರೂ ಇದ್ದಾರೆ, ಅದು ಇನ್ನೊಂದು 5, ಸೇರಿಸಿದರೂ ಬಿಟ್ಟರೂ ನಡೆಯುತ್ತದೆ.

ಈಗ ನಿಮ್ಮ ಹೇರ್‌ಪಿನ್. ಡಿಎನ್‌ಎಗೆ ಎಲ್ಲರೂ ಬಳಸುವುದು ಸಾಂಟಾಲೂಸಿಯಾ ಎಂಬ ವಿಜ್ಞಾನಿ 1998ರಲ್ಲಿ ಒಟ್ಟು ಮಾಡಿದ ಶಕ್ತಿಯ ಸಂಖ್ಯೆಗಳು, ಅವೆಲ್ಲ 1 ಮೋಲಾರ್ ಉಪ್ಪಿನವು. ಉಪ್ಪು ಕಡಿಮೆಯಾದರೆ ಪಕ್ಕಪಕ್ಕದ ಎರಡು ಜೋಡಿಗೆ ಒಂದು ಹಂತ ಅಂತ ಎಣಿಸಿ, ಹಂತಕ್ಕೆ 0.114ರಂತೆ, ಉಪ್ಪಿನ ನ್ಯಾಚುರಲ್ ಲಾಗ್ ಜೊತೆ ಗುಣಿಸಿ ಕಳೆಯುತ್ತಾರೆ. 5 ಜೋಡಿ ಅಂದರೆ 4 ಹಂತ. 50 ಮಿಲಿಮೋಲಾರ್‌ಗೆ ಸುಮಾರು 1.4 ಕಿಲೋಕ್ಯಾಲರಿ ನಷ್ಟ, ಅದಕ್ಕೇ ನಿಮಗೆ ಸೊನ್ನೆ ಹತ್ತಿರ ಬಂದಿದ್ದು. 150ಕ್ಕೆ ನಷ್ಟ ಸುಮಾರು 0.9, ಹಾಗಾದರೆ ನಿಮ್ಮದು ಮೈನಸ್ 0.6. ಅಂದರೆ 37 ಡಿಗ್ರಿಯಲ್ಲಿ 1 ಮೋಲಾರ್ ಉಪ್ಪಿದ್ದರೆ ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಪ್ರೈಮರ್ ಮಡಚಿಕೊಂಡಿರುತ್ತದೆ, ನಿಮ್ಮ ಪಿಸಿಆರ್ ಬಫರ್‌ನಲ್ಲಿ ಮುಕ್ಕಾಲು ಪಾಲು, ಬರೀ 50 ಇದ್ದರೆ ಅರ್ಧಕ್ಕೆ ಸ್ವಲ್ಪ ಮೇಲೆ.

ಆದರೆ ನಿಮ್ಮ ಅನೀಲಿಂಗ್ (ಪ್ರೈಮರ್ ಗುರಿಗೆ ಅಂಟುವ ಹಂತ) 37ರಲ್ಲಿ ಅಲ್ಲವಲ್ಲ. 58 ಆದರೆ ಡಿಗ್ರಿ ಬಾಕ್ಸ್‌ನಲ್ಲಿ 58 ಹಾಕಿ ನೋಡಿ, ಈ ಹೇರ್‌ಪಿನ್ ಬಿಚ್ಚಿಕೊಂಡಿರುತ್ತದೆ. ಮಡಚಿಕೊಂಡಿರುವುದು 3 ಪ್ರೈಮ್ ತುದಿ (ನಕಲು ಮುಂದುವರಿಯುವ ತುದಿ) ಆಗಿದ್ದರೆ ಮಾತ್ರ ನಾನಾದರೆ ಪ್ರೈಮರ್ ಬದಲಾಯಿಸುತ್ತಿದ್ದೆ.

ಇನ್ನೊಂದು, ಬಾಕ್ಸ್ ಪಕ್ಕದಲ್ಲಿ ಮೋಲಾರ್, ಮಿಲಿಮೋಲಾರ್ ಅಂತ ಆಯ್ಕೆ ಇರುತ್ತದೆ. ಅದನ್ನು ನೋಡದೆ 50 ಅಂತ ಹೊಡೆದರೆ 50 ಮೋಲಾರ್ ಆಗುತ್ತದೆ. ನೀರಲ್ಲಿ ಉಪ್ಪು ಕರಗುವುದೇ 6 ಮೋಲಾರ್ ಆಸುಪಾಸಿನವರೆಗೆ.

ದ್ವಿಸುರುಳಿ:

ಕರಗುಬಿಂದು ಅವರ ಲೆಕ್ಕ ಸರಿ. ಉಪ್ಪು ಯಾಕೆ ಹೀಗೆ ಮಾಡುತ್ತದೆ ಅನ್ನೋದನ್ನೂ ಹೇಳಿಬಿಡ್ತೀನಿ, ಯಾಕೆಂದರೆ ಪಾಠದಲ್ಲಿ ಹೇಳಿಕೊಡುವ "ಫಾಸ್ಫೇಟ್ ನೆಗೆಟಿವ್, ಸೋಡಿಯಂ ಪಾಸಿಟಿವ್, ಅದು ಇದನ್ನು ಮುಚ್ಚುತ್ತದೆ" ಅನ್ನೋದು ಅರ್ಧ ಕಥೆ.

ಡಿಎನ್‌ಎಯಲ್ಲಿ 3.4 ಆಂಗ್‌ಸ್ಟ್ರಾಮ್‌ಗೆ ಒಂದು ಜೋಡಿ, ಒಂದು ಜೋಡಿಗೆ ಎರಡು ಫಾಸ್ಫೇಟ್. ಅಂದರೆ ಉದ್ದಕ್ಕೂ ಪ್ರತಿ 1.7 ಆಂಗ್‌ಸ್ಟ್ರಾಮ್‌ಗೆ ಒಂದು ನೆಗೆಟಿವ್ ಚಾರ್ಜ್. ನೀರಿನಲ್ಲಿ ಎರಡು ಚಾರ್ಜ್‌ಗಳು 7 ಆಂಗ್‌ಸ್ಟ್ರಾಮ್‌ಗಿಂತ ಹತ್ತಿರ ಬಂದರೆ ಅವುಗಳ ತಳ್ಳಾಟ ಬಿಸಿಯ ಕುಲುಕಾಟಕ್ಕಿಂತ ಜೋರಾಗುತ್ತದೆ. ಇಲ್ಲಿ ಅದರ ನಾಲ್ಕು ಪಟ್ಟು ಇಕ್ಕಟ್ಟು. 1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ತೋರಿಸಿದ್ದು ಏನೆಂದರೆ, ಇಷ್ಟು ಇಕ್ಕಟ್ಟಾದ ಎಳೆ ಬರಿಮೈಯಲ್ಲಿ ಇರಲಾರದು, ಸುತ್ತ ಪಾಸಿಟಿವ್ ಅಯಾನುಗಳು ಬಂದು ಮುತ್ತಿಕೊಳ್ಳಲೇಬೇಕು. ಹಲಸಿನ ತೊಳೆಗೆ ನೊಣ ಮುತ್ತಿದ ಹಾಗೆ, ಯಾವ ನೊಣವೂ ಒಂದೇ ಕಡೆ ಕೂತಿರುವುದಿಲ್ಲ, ಆದರೆ ತೊಳೆ ಬರಿದಾಗಿ ಇರುವುದೂ ಇಲ್ಲ. ಸೋಡಿಯಂ ಆದರೆ ನೂರಕ್ಕೆ 76 ಚಾರ್ಜ್ ಹೀಗೆ ಮುಚ್ಚಿಹೋಗುತ್ತದೆ, ಮ್ಯಾಗ್ನೀಸಿಯಂ ಆದರೆ 88. ಹೊರಗೆ ಉಪ್ಪು ಕಡಿಮೆ ಮಾಡಿದರೂ ಈ 76 ಅಷ್ಟಾಗಿ ಇಳಿಯುವುದಿಲ್ಲ.

ಹಾಗಾದರೆ ಹೊರಗಿನ ಉಪ್ಪಿನಿಂದ ಏನು ವ್ಯತ್ಯಾಸ ಅಂತ ಕೇಳಬಹುದು. ಎಳೆಗಳು ಬಿಚ್ಚಿಕೊಂಡಾಗ ಚಾರ್ಜ್‌ಗಳು ದೂರ ದೂರ ಆಗುತ್ತವೆ, ಅಷ್ಟೊಂದು ಅಯಾನು ಬೇಕಾಗುವುದಿಲ್ಲ, ಕೆಲವು ಬಿಡುಗಡೆ ಆಗುತ್ತವೆ. ಹೊರಗೆ ತೆಳು ನೀರಿದ್ದರೆ ಬಿಡುಗಡೆ ಆದವಕ್ಕೆ ಓಡಾಡಲು ಬೇಕಾದಷ್ಟು ಜಾಗ, ಆ ಎಂಟ್ರೊಪಿ ಲಾಭವೇ ಡಿಎನ್‌ಎಯನ್ನು ಬಿಚ್ಚುವ ಕಡೆ ಎಳೆಯುತ್ತದೆ. ಹೊರಗೇ ಉಪ್ಪು ತುಂಬಿದ್ದರೆ ಆ ಲಾಭ ಸಣ್ಣದು. ಅದಕ್ಕೇ ಕರಗುವ ಉಷ್ಣತೆ ಉಪ್ಪಿನ ಲಾಗ್ ಜೊತೆ ಏರುತ್ತದೆ. ಉದ್ದ ಡಿಎನ್‌ಎಗೆ ಉಪ್ಪು ಹತ್ತು ಪಟ್ಟು ಆದರೆ ಸುಮಾರು 16.6 ಡಿಗ್ರಿ, ಇದು 1965ರಿಂದ ಇರುವ ಸೂತ್ರ. 50 ಮಿಲಿಮೋಲಾರ್‌ನಿಂದ 1 ಮೋಲಾರ್‌ಗೆ ಹೋದರೆ 20 ಡಿಗ್ರಿ ಮೇಲೆ ಏರಿಕೆ. ಮ್ಯಾಗ್ನೀಸಿಯಂ ಯಾಕೆ ಅಜ್ಜ ಅನ್ನೋದೂ ಇಲ್ಲೇ ಇದೆ: ಎರಡು ಸೋಡಿಯಂ ಕಟ್ಟಿಹಾಕುವ ಬದಲು ಒಂದೇ ಅಯಾನು ಕಟ್ಟಿಹಾಕಿದರೆ ಸಾಕು, ಖರ್ಚು ಕಡಿಮೆ.

ಅಂದಹಾಗೆ ಇದರಿಂದ ಒಂದು ದಿನನಿತ್ಯದ ವಿಷಯ. ಎರಡು ಚಿಕ್ಕ ಎಳೆ ಜೋಡಿಸಿದ ಅಡಾಪ್ಟರ್‌ಗಳನ್ನು ಸುಮ್ನೆ ನೀರಿನಲ್ಲಿ ತೆಳು ಮಾಡಿ ಇಡುತ್ತಾರೆ, ಉಪ್ಪಿಲ್ಲದೆ ಎಳೆಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ಲೈಗೇಶನ್ (ತುಂಡುಗಳ ಬೆಸುಗೆ) ಆಗಲಿಲ್ಲ ಅಂತ ಕಿಣ್ವವನ್ನು ಬೈಯುತ್ತಾರೆ. 50 ಮಿಲಿಮೋಲಾರ್ ಉಪ್ಪಾದರೂ ಇರಲಿ.

ಉಪ್ಪು ಹೆಚ್ಚಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಜಿ, ಸಿ ಒಂದಾದ ಮೇಲೊಂದು ಬರುವ ಡಿಎನ್‌ಎಯನ್ನು 2.5 ಮೋಲಾರ್ ದಾಟಿದ ಉಪ್ಪಿನಲ್ಲಿ ಇಟ್ಟಾಗ ಅದರ ಸಿಡಿ ಸ್ಪೆಕ್ಟ್ರಮ್ (ಸುರುಳಿ ಯಾವ ಕಡೆ ತಿರುಗಿದೆ ಅಂತ ಬೆಳಕಿನಿಂದ ಸೂಚಿಸುವ ಅಳತೆ) ತಲೆಕೆಳಗಾಯಿತು ಅಂತ ಪೋಲ್ ಮತ್ತು ಯೋವಿನ್ 1972ರಲ್ಲೇ ಬರೆದಿದ್ದರು. 1979ರಲ್ಲಿ ಅಲೆಕ್ಸಾಂಡರ್ ರಿಚ್ ಅವರ ಲ್ಯಾಬ್‌ನಿಂದ ಜಿ, ಸಿ ಇರುವ ಆರು ಬೇಸ್‌ಗಳ ಹರಳಿನ ರಚನೆ ಬಂದಾಗ ಎಡಕ್ಕೆ ತಿರುಗಿದ ಸುರುಳಿ ಕಣ್ಣೆದುರೇ ಕಂಡಿತು. ನಾವು ಜ಼ಡ್ ಡಿಎನ್‌ಎ ಅನ್ನೋದು ಅದನ್ನೇ.

ಆರ್‌ಎನ್‌ಎ_ಅಕ್ಕ:

ಎರಡನೆಯ ಪ್ರಶ್ನೆ ನನ್ನ ಏರಿಯಾ. ಮೊದಲು ಜೆಲ್ ವಿಷಯ, ಅದು ಐದು ನಿಮಿಷದ ಕೆಲಸ.

ಟಿಬಿಇ ಅಂದರೆ ಏನು ತಮ್ಮಾ? ಟ್ರಿಸ್, ಬೋರೇಟ್, ಇಡಿಟಿಎ. ಒಂದು ಪಟ್ಟು ಟಿಬಿಇಯಲ್ಲಿ 2 ಮಿಲಿಮೋಲಾರ್ ಇಡಿಟಿಎ ಇರುತ್ತದೆ. ಇಡಿಟಿಎಯ ಕೆಲಸವೇ ಮ್ಯಾಗ್ನೀಸಿಯಂ ಹಿಡಿಯುವುದು. ನೀವು ಬಾವಿಯಲ್ಲಿ ಹಾಕಿದ್ದು ಕೆಲವು ಮೈಕ್ರೋಲೀಟರ್, ಅದರಲ್ಲಿ 5 ಮಿಲಿಮೋಲಾರ್. ಜೆಲ್ಲಿನ ತುಂಬ, ಮೇಲೆ ಕೆಳಗೆ ಟ್ಯಾಂಕಿನ ತುಂಬ ಇಡಿಟಿಎ. ಅದೂ ಸಾಲದು ಅಂತ ಕರೆಂಟ್ ಹಾಕಿದ ಕೂಡಲೇ ಮ್ಯಾಗ್ನೀಸಿಯಂ ಒಂದು ಕಡೆ ಓಡುತ್ತದೆ, ಆರ್‌ಎನ್‌ಎ ಇನ್ನೊಂದು ಕಡೆ. ಜೆಲ್ ಒಳಗೆ ಎರಡು ಸ್ಯಾಂಪಲ್‌ಗೂ ಇದ್ದದ್ದು ಒಂದೇ ಪರಿಸ್ಥಿತಿ, ಅದಕ್ಕೇ ಒಂದೇ ಕಡೆ ನಿಂತಿವೆ. ಇಡಿಟಿಎ ಬಿಟ್ಟು ಬರೀ ಟ್ರಿಸ್ ಬೋರೇಟ್ ಮಾಡಿಕೊಂಡು, ಜೆಲ್ ಹಾಕುವಾಗಲೂ ಓಡಿಸುವ ಬಫರ್‌ನಲ್ಲೂ 5 ಮಿಲಿಮೋಲಾರ್ ಮ್ಯಾಗ್ನೀಸಿಯಂ ಕ್ಲೋರೈಡ್ ಸೇರಿಸಿ. ಮ್ಯಾಗ್ನೀಸಿಯಂ ಇಲ್ಲದ ಸ್ಯಾಂಪಲ್‌ಗೆ ಬೇರೆ ಜೆಲ್ ಬೇಕು, ಒಂದೇ ಜೆಲ್‌ನಲ್ಲಿ ಎರಡನ್ನೂ ಹೋಲಿಸಲು ಆಗುವುದಿಲ್ಲ. ಬಫರ್ ಬಿಸಿಯಾಗುತ್ತದೆ, ಕೋಲ್ಡ್ ರೂಮ್‌ನಲ್ಲಿ ಕಡಿಮೆ ವೋಲ್ಟ್‌ಗೆ ನಿಧಾನ ಓಡಿಸಿ.

ಈಗ ಬೀಗದ ವಿಷಯ. ಆರ್‌ಎನ್‌ಎಯ ಸಂಖ್ಯೆಗಳೆಲ್ಲ ಬಹುಪಾಲು ಡಗ್ಲಸ್ ಟರ್ನರ್ ಅವರ ಗುಂಪು ರಾಚೆಸ್ಟರ್‌ನಲ್ಲಿ ವರ್ಷಗಟ್ಟಲೆ ಕೂತು ಅಳೆದದ್ದು. ಚಿಕ್ಕ ಚಿಕ್ಕ ಆರ್‌ಎನ್‌ಎ ಎಳೆಗಳನ್ನು 1 ಮೋಲಾರ್ ಉಪ್ಪಿನಲ್ಲಿ ಬಿಸಿ ಮಾಡುತ್ತಾ, ಅಲ್ಟ್ರಾವಯಲೆಟ್ ಎಷ್ಟು ಹೀರುತ್ತದೆ ಅಂತ ನೋಡಿ ಬರೆದಿಟ್ಟ ಸಂಖ್ಯೆಗಳು. ಮ್ಯಾಗ್ನೀಸಿಯಂ ಯಾಕೆ ಹಾಕಲಿಲ್ಲ? ಬಿಸಿಯಲ್ಲಿ ಮ್ಯಾಗ್ನೀಸಿಯಂ ಇದ್ದರೆ ಆರ್‌ಎನ್‌ಎ ತುಂಡಾಗುತ್ತದೆ, ಸಕ್ಕರೆಯ ಎರಡನೇ ಇಂಗಾಲದ ಮೇಲಿರುವ ಓಎಚ್ ಪಕ್ಕದ ಫಾಸ್ಫೇಟ್ ಮೇಲೆ ತಾನೇ ದಾಳಿ ಮಾಡುತ್ತದೆ. ಡಿಎನ್‌ಎಗೆ ಆ ಓಎಚ್ ಇಲ್ಲ, ಆ ಭಯವೂ ಇಲ್ಲ. ಅಳೆದದ್ದು ಒಂದೇ ಉಪ್ಪಿನಲ್ಲಿ ಆದ್ದರಿಂದ ಫಾರ್ಮ್‌ನಲ್ಲೂ ಒಂದೇ ಉಪ್ಪು. ಇದನ್ನು ನಾನು ಪ್ರಾಮಾಣಿಕತೆ ಅಂತಲೇ ಅಂದುಕೊಳ್ಳುತ್ತೇನೆ, ಗೊತ್ತಿಲ್ಲದ ಸಂಖ್ಯೆ ತೋರಿಸುವುದಕ್ಕಿಂತ ಬೀಗ ವಾಸಿ. ಈಚೆಗೆ ವಿಯೆನ್ನಾದವರ ಆರ್‌ಎನ್‌ಎಫೋಲ್ಡ್ ಎಂಬ ಅಂಥದ್ದೇ ಸಾಫ್ಟ್‌ವೇರ್‌ಗೆ ಸೋಡಿಯಂ ಬದಲಿಸುವ ಸೌಲಭ್ಯ ಬಂದಿದೆ, 2.6ರಿಂದ ಈಚಿನದು ಹಾಕಿಕೊಳ್ಳಿ. ಅದೂ ಒಂದು ಚಾರ್ಜ್‌ನ ಅಯಾನುಗಳಿಗೆ ಮಾತ್ರ, ಮ್ಯಾಗ್ನೀಸಿಯಂಗೆ ಅಲ್ಲ.

ಇನ್ನು "ಯಾವ ಜೀವಕೋಶದಲ್ಲಿ 1 ಮೋಲಾರ್" ಅಂತ ಕೇಳಿದಿರಲ್ಲ, ಸರಿಯಾದ ಪ್ರಶ್ನೆ. ನಮ್ಮ ಜೀವಕೋಶದಲ್ಲಿ ಪೊಟ್ಯಾಸಿಯಂ ಸುಮಾರು 140 ಮಿಲಿಮೋಲಾರ್, ಬಿಡಿಯಾಗಿ ಓಡಾಡುವ ಮ್ಯಾಗ್ನೀಸಿಯಂ 1ರ ಆಸುಪಾಸು. ಆದರೆ ಕಾಂಡಗಳ ಮಟ್ಟಿಗೆ 10 ಮಿಲಿಮೋಲಾರ್ ಮ್ಯಾಗ್ನೀಸಿಯಂ ಜೊತೆ ನೂರೈವತ್ತು ಸೋಡಿಯಂ ಇದ್ದರೆ 1 ಮೋಲಾರ್ ಸೋಡಿಯಂನ ಹತ್ತಿರ ಹತ್ತಿರ ಬರುತ್ತದೆ. ಲ್ಯಾಬ್‌ನ ಮಾಮೂಲಿ ಆರ್‌ಎನ್‌ಎ ಬಫರ್‌ಗಳಿಗೆ ಸಾಫ್ಟ್‌ವೇರ್ ಚಿತ್ರ ಅಷ್ಟೇನೂ ದೂರವಿಲ್ಲ, ಯಾವ ಕಾಂಡ ಯಾವುದರ ಜೊತೆ ಅನ್ನೋದು ಸಾಮಾನ್ಯವಾಗಿ ಹೊಂದುತ್ತದೆ.

ಅದು ಹೇಳದೇ ಇರುವುದು ಕಾಂಡಗಳೆಲ್ಲ ಸೇರಿ ಹೇಗೆ ಮುದುಡಿ ಕೂರುತ್ತವೆ ಅನ್ನೋದು. ರೈಬೋಸ್ವಿಚ್‌ನ ಅಸಲಿ ಆಟ ಅಲ್ಲೇ ಇದೆ. ಎರಡು ಕಾಂಡ ಪಕ್ಕಪಕ್ಕ ಬಂದರೆ ಫಾಸ್ಫೇಟ್ ಫಾಸ್ಫೇಟ್ ಮುಖಾಮುಖಿ, ಅಲ್ಲಿ ಮೇಲಿನವರು ಹೇಳಿದ ಓಡಾಡುವ ಅಯಾನುಗಳ ಮೋಡ ಬೇಕು, ಕೆಲವು ಕಡೆ ಒಂದು ನಿರ್ದಿಷ್ಟ ಜಾಗದಲ್ಲಿ ಕೂತ ಮ್ಯಾಗ್ನೀಸಿಯಂ ಕೂಡ ಬೇಕು. ಮ್ಯಾಗ್ನೀಸಿಯಂ ಸುತ್ತ ಆರು ನೀರಿನ ಅಣುಗಳು ಬಿಗಿಯಾಗಿ ಹಿಡಿದಿರುತ್ತವೆ, ಸಾಮಾನ್ಯವಾಗಿ ಅದು ಆ ನೀರಿನ ಸಮೇತವೇ ಆರ್‌ಎನ್‌ಎ ಹತ್ತಿರ ಬರುವುದು. ಎಲ್ಲೋ ಕೆಲವು ಕಡೆ ಮಾತ್ರ ಒಂದೆರಡು ನೀರನ್ನು ಬಿಟ್ಟು ನೇರವಾಗಿ ಫಾಸ್ಫೇಟ್‌ನ ಆಮ್ಲಜನಕ ಹಿಡಿಯುತ್ತದೆ. 1996ರಲ್ಲಿ ಬಂದ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯ ಇಂಟ್ರಾನ್‌ನ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ತುಂಡಿನ) ಪಿ4-ಪಿ6 ಭಾಗದ ಹರಳಿನ ರಚನೆ ನೋಡಿ, 160 ಬೇಸ್ ಉದ್ದ, ಎ ಜಾಸ್ತಿ ಇರುವ ಒಂದು ಉಬ್ಬು ಮ್ಯಾಗ್ನೀಸಿಯಂಗಳನ್ನು ಒಳಗಿಟ್ಟುಕೊಂಡು ಒಳಗಿನದು ಹೊರಗಾದ ಹಾಗೆ ತಿರುಗಿ ಕೂತಿದೆ. ರೈಬೋಸೋಮ್ ಅಂತೂ ಇನ್ನೂ ಸರಳ ಉದಾಹರಣೆ. ಬ್ಯಾಕ್ಟೀರಿಯಾದ ಇಡೀ ರೈಬೋಸೋಮ್, ಅಂದರೆ 70ಎಸ್, 10 ಮಿಲಿಮೋಲಾರ್ ಮ್ಯಾಗ್ನೀಸಿಯಂನಲ್ಲಿ ಒಂದಾಗಿರುತ್ತದೆ, 1ಕ್ಕೆ ಇಳಿಸಿದರೆ 50ಎಸ್, 30ಎಸ್ ಅಂತ ಎರಡಾಗುತ್ತದೆ.

ಹಾಗಂತ ಮ್ಯಾಗ್ನೀಸಿಯಂ ಸುರಿಯಬೇಡಿ. ಅದು ಸರಿಯಾದ ಮಡಿಕೆಯನ್ನಷ್ಟೇ ಗಟ್ಟಿ ಮಾಡುವುದಿಲ್ಲ, ತಪ್ಪು ಮಡಿಕೆಯನ್ನೂ ಗಟ್ಟಿ ಮಾಡುತ್ತದೆ. ಅದೇ ಟೆಟ್ರಾಹೈಮಿನಾ ಆರ್‌ಎನ್‌ಎ ತಪ್ಪಾಗಿ ಮಡಚಿ ಸಿಕ್ಕಿಕೊಂಡಾಗ, ಮಡಿಕೆ ಬಿಚ್ಚುವ ಯೂರಿಯಾವನ್ನು ಹದವಾಗಿ ಹಾಕಿದರೆ ಸರಿಯಾದ ರೂಪ ಬೇಗ ಬರುತ್ತದೆ. ಕೇಳಲು ವಿಚಿತ್ರ, ಆದರೆ ಸಿಕ್ಕು ಬಿಚ್ಚದೆ ಮತ್ತೆ ಮಡಚಲು ಆಗುವುದಿಲ್ಲವಲ್ಲ.

ಬೆಂಚ್_ಭಾಸ್ಕರ:

ಇಷ್ಟೆಲ್ಲ ಯಾಕ್ರೀ? ಡೀಫಾಲ್ಟ್ 1 ಮೋಲಾರ್‌ನಲ್ಲೇ ಓಡಿಸಿ ಪ್ರೈಮರ್ ಆರ್ಡರ್ ಮಾಡಿ. ನಾವೆಲ್ಲ ಹಾಗೇ ಮಾಡೋದು, ಹತ್ತರಲ್ಲಿ ಒಂಬತ್ತು ಕೆಲಸ ಮಾಡುತ್ತವೆ.

ಕರಗುಬಿಂದು:

@ಬೆಂಚ್_ಭಾಸ್ಕರ, ಪ್ರೈಮರ್‌ಗೆ ನಿಮ್ಮ ಮಾತು ನಡೆಯುತ್ತದೆ ಗುರುವೇ. 1 ಮೋಲಾರ್‌ನಲ್ಲಿ ಹೇರ್‌ಪಿನ್ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ, ಅಂದರೆ ನೀವು ಒಳ್ಳೆಯ ಪ್ರೈಮರನ್ನು ಬಿಸಾಡಬಹುದು, ಕೆಟ್ಟದ್ದನ್ನು ಆರಿಸಿಕೊಳ್ಳುವುದು ಅಪರೂಪ. ಆದರೆ ಮಾಲಿಕ್ಯುಲರ್ ಬೀಕನ್ (ಗುರಿ ಸಿಕ್ಕಾಗ ತೆರೆದುಕೊಂಡು ಬೆಳಗುವ ಎಳೆ) ತರಹ ಹೇರ್‌ಪಿನ್ ಮುಚ್ಚಿರಲೇಬೇಕು ಅನ್ನುವ ಕಡೆ ಇದೇ ತಿರುಗುಬಾಣ. ಅಲ್ಲಿ 1 ಮೋಲಾರ್ ನಂಬಿ ಡಿಸೈನ್ ಮಾಡಿದರೆ ಟ್ಯೂಬ್‌ನಲ್ಲಿ ಅರ್ಧ ತೆರೆದುಕೊಂಡೇ ಇರುತ್ತದೆ, ಗುರಿ ಸಿಗುವ ಮೊದಲೇ ಬೆಳಕು ಬರುತ್ತದೆ. ಇನ್ನು ಕೆಲವು ಹೈ ಫಿಡೆಲಿಟಿ ಕಿಟ್‌ಗಳ ಬಫರ್‌ನಲ್ಲಿ ಏನಿದೆ ಅಂತ ಕಂಪನಿಯವರು ಹೇಳುವುದೇ ಇಲ್ಲ, ಅಲ್ಲಿ ಅವರು ಕೊಟ್ಟ ಕ್ಯಾಲ್ಕುಲೇಟರನ್ನೇ ಬಳಸಿ, ಬೇರೆ ದಾರಿ ಇಲ್ಲ.

ಗ್ವಾನಿನ್_ಗೌಡ:

ಒಂದು ಮಾತು ಯಾರೂ ಹೇಳಲಿಲ್ಲ. ಸೀಕ್ವೆನ್ಸ್‌ನಲ್ಲಿ ಮೂರು ಮೂರು ಜಿ ಇರುವ ಗುಂಪು ನಾಲ್ಕು ಸಲ ಬಂದಿದೆಯಾ ನೋಡಿ, ಎರಡೆರಡು ಜಿ ಇದ್ದರೂ ಒಮ್ಮೊಮ್ಮೆ ಸಾಕು. ಹಾಗಿದ್ದರೆ "ಸೋಡಿಯಂ ಆದರೂ ಪೊಟ್ಯಾಸಿಯಂ ಆದರೂ ಒಂದೇ" ಅನ್ನೋದನ್ನು ಮರೆತುಬಿಡಿ. ಜಿ ಕ್ವಾಡ್ರುಪ್ಲೆಕ್ಸ್‌ನಲ್ಲಿ ನಾಲ್ಕು ಜಿ ಸೇರಿ ಒಂದು ಚೌಕ, ಚೌಕದ ಮೇಲೆ ಚೌಕ. ಎರಡು ಚೌಕದ ನಡುವಿನ ಜಾಗದಲ್ಲಿ ಎಂಟು ಆಮ್ಲಜನಕಗಳ ಮಧ್ಯೆ ಪೊಟ್ಯಾಸಿಯಂ ಅಳತೆ ತೆಗೆದ ಹಾಗೆ ಕೂರುತ್ತದೆ. ಸೋಡಿಯಂ ಸಣ್ಣದು, ಚೌಕದ ಒಳಗೇ ನುಸುಳುತ್ತದೆ, ಅಷ್ಟು ಗಟ್ಟಿ ಅಲ್ಲ. ಲೀಥಿಯಂ ಇದ್ದೂ ಇಲ್ಲದ ಹಾಗೆ. ಚಾರ್ಜ್ ಮೂರಕ್ಕೂ ಒಂದೇ.

ಆಕಾರವೂ ಬದಲಾಗುತ್ತದೆ. ನಮ್ಮ ಟೆಲೋಮಿಯರ್‌ನ (ಕ್ರೋಮೋಸೋಮ್ ತುದಿಯ) ಟಿಟಿಎಜಿಜಿಜಿ ಸಾಲನ್ನು 1993ರಲ್ಲಿ ಸೋಡಿಯಂ ದ್ರಾವಣದಲ್ಲಿ ಎನ್‌ಎಂಆರ್ ಮಾಡಿದಾಗ ಎಳೆಗಳು ಎದುರು ಬದುರು ದಿಕ್ಕಿನಲ್ಲಿದ್ದವು, 2002ರಲ್ಲಿ ಪೊಟ್ಯಾಸಿಯಂ ಇರುವ ಹರಳಿನಲ್ಲಿ ನೋಡಿದಾಗ ನಾಲ್ಕೂ ಒಂದೇ ದಿಕ್ಕು. ಎಂಫೋಲ್ಡ್‌ಗೆ ಇದು ಯಾವುದೂ ಗೊತ್ತಿಲ್ಲ, ಅದು ಎರಡೆರಡು ಬೇಸ್‌ಗಳ ಜೋಡಿ ಮಾತ್ರ ಲೆಕ್ಕ ಹಾಕುವುದು. ಆರ್‌ಎನ್‌ಎಫೋಲ್ಡ್‌ನಲ್ಲಿ ಇದಕ್ಕೆ ಬೇರೆ ಆಯ್ಕೆ ಇದೆ. ಲ್ಯಾಬ್‌ನಲ್ಲಿ ಅನುಮಾನ ಬಂದರೆ ಪೊಟ್ಯಾಸಿಯಂ ಕ್ಲೋರೈಡ್ ಒಂದು ಟ್ಯೂಬ್, ಅಷ್ಟೇ ಲೀಥಿಯಂ ಕ್ಲೋರೈಡ್ ಇನ್ನೊಂದು ಟ್ಯೂಬ್. ಎರಡರಲ್ಲೂ ಒಂದೇ ಫಲ ಬಂದರೆ ಅದು ಬಹುಶಃ ಕ್ವಾಡ್ರುಪ್ಲೆಕ್ಸ್ ಅಲ್ಲ.

ತುಂಗಾತೀರ_22:

ಅಯ್ಯೋ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರೈಮರ್‌ನಲ್ಲಿ ಮಡಚುವುದು 5 ಪ್ರೈಮ್ ತುದಿ, ಹಾಗಾಗಿ ಅದನ್ನು ಹಾಗೇ ಬಿಡ್ತೀನಿ. ಜಿ ಗುಂಪು ನೋಡಿದೆ, ಎರಡೇ ಕಡೆ ಇದೆ. ಜೆಲ್‌ಗೆ ಇಡಿಟಿಎ ಇಲ್ಲದ ಬಫರ್ ಮಾಡಿಟ್ಟೆ. ಅಕ್ಕಾ, ಇನ್ನೊಂದೇ ಪ್ರಶ್ನೆ. ಆರ್‌ಎನ್‌ಎ ಸ್ಟಾಕ್ ಫ್ರೀಜರ್‌ನಲ್ಲಿ ನೀರಿನಲ್ಲಿದೆ. ಮ್ಯಾಗ್ನೀಸಿಯಂ ಹಾಕಿ 95 ಡಿಗ್ರಿಗೆ ಬಿಸಿ ಮಾಡಿ ತಣಿಸಲಾ, ಇಲ್ಲಾ ಬಿಸಿ ಮಾಡಿದ ಮೇಲೆ ಹಾಕಲಾ?

ಆರ್‌ಎನ್‌ಎ_ಅಕ್ಕ:

ಮೊದಲು ಬಿಸಿ, ಆಮೇಲೆ ಮ್ಯಾಗ್ನೀಸಿಯಂ. ಯಾಕೆ ಅಂತ ಮೇಲೆ ಹೇಳಿದೆನಲ್ಲ, 95ರಲ್ಲಿ ಮ್ಯಾಗ್ನೀಸಿಯಂ ಇದ್ದರೆ ಆರ್‌ಎನ್‌ಎ ಕತ್ತರಿಸಿ ಹೋಗುತ್ತದೆ. ನೀರಿನಲ್ಲೋ ತೆಳು ಬಫರ್‌ನಲ್ಲೋ 95ಕ್ಕೆ ಎರಡು ನಿಮಿಷ ಇಡಿ, ನೇರ ಐಸ್‌ಗೆ ಹಾಕಿ. ಆಮೇಲೆ ಉಪ್ಪು, ಮ್ಯಾಗ್ನೀಸಿಯಂ ಇರುವ ಬಫರ್ ಸೇರಿಸಿ 37ರಲ್ಲಿ ಇಪ್ಪತ್ತು ನಿಮಿಷ ಬಿಡಿ. ಬೇಗ ತಣಿಸಿದರೆ ಎಳೆ ತನ್ನ ಮೇಲೇ ಮಡಚಿಕೊಳ್ಳುತ್ತದೆ. ನಿಧಾನ ತಣಿಸಿದರೆ, ಅದರಲ್ಲೂ ಆರ್‌ಎನ್‌ಎ ದಪ್ಪಗಿದ್ದು ಉಪ್ಪೂ ಜಾಸ್ತಿ ಇದ್ದರೆ, ಎರಡು ಎಳೆ ಒಂದಕ್ಕೊಂದು ಅಂಟಿಕೊಂಡು ಜೋಡಿ ಆಗುವ ಸಾಧ್ಯತೆ ಇದೆ. ಜೆಲ್‌ನಲ್ಲಿ ಮೇಲ್ಗಡೆ ಇನ್ನೊಂದು ಬ್ಯಾಂಡ್ ಕಂಡರೆ ಮೊದಲು ಅದನ್ನೇ ಅನುಮಾನಿಸಿ, ಆರ್‌ಎನ್‌ಎ ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಜೋಡಿ ಆಗಿದ್ದರೆ ಆ ಬ್ಯಾಂಡ್ ಕಡಿಮೆಯಾಗುತ್ತದೆ, ಬೇರೆ ಮಡಿಕೆ ಆಗಿದ್ದರೆ ಎರಡರ ಅನುಪಾತ ಹಾಗೇ ಉಳಿಯುತ್ತದೆ.